ಹಗೇವಿನ ಮೇಲಿನ ಕಮಲ

ಹೋದ ತಿಂಗಳು ರಾಯಚೂರಿನಲ್ಲಿ ಮೊಮ್ಮಗಳು ರೇಣುಕಾಳ ಮನೆಗೆ ಹೋಗಿದ್ದೆ. ಚಪ್ಪಲಿ ಬಿಡುವಾಗಲೇ ಮೂಗಿಗೆ ಲಕ್ಕಿ ಸೊಪ್ಪಿನ ವಾಸನೆ ಬಡಿಯಿತು. ಅದರ ಹಿಂದೆಯೇ ಹೊಸ ಜೋಳದ ತೆನೆಯ ವಾಸನೆ. ಇವೆರಡೂ ಬೇರೆ ಬೇರೆ ಬಂದರೆ ನನಗೇನೂ ಆಗುವುದಿಲ್ಲ. ಕೂಡಿ ಬಂದರೆ ಬಾಯಿ ಒಣಗುತ್ತದೆ.

ರೇಣುಕಾ ಶಾಲೆಯಲ್ಲಿ ಟೀಚರು. ರಜೆ ಬಂತೆಂದರೆ ಮನೆ ಸಿಂಗರಿಸುವ ಹುಚ್ಚು ಹಿಡಿಯುತ್ತದೆ. ಅಂಗಡಿಯ ಪ್ಲಾಸ್ಟಿಕ್ ಹೂವು ಅವಳಿಗೆ ಸೇರುವುದಿಲ್ಲ. ಒಣಗಿದ ಸೋರೆ ಬುರುಡೆಗೆ ತೂತು ಕೊರೆದು ಒಳಗೆ ಬಲ್ಬು ಇಟ್ಟಿದ್ದಾಳೆ. ಹುಣಸೆ ಬೀಜ, ಔಡಲ ಬೀಜ ಅಂಟಿಸಿ ಕನ್ನಡಿಗೆ ಕಟ್ಟು ಮಾಡಿದ್ದಾಳೆ. ಅಂದು ನಡುಮನೆಯ ಗೋಡೆಗೆ ಜೋಳದ ತೆನೆಗಳನ್ನು ಜಡೆಯ ಹಾಗೆ ಹೆಣೆದು, ನಡುನಡುವೆ ಲಕ್ಕಿಯ ಕುಡಿ ಸಿಕ್ಕಿಸಿ, ಉದ್ದನೆಯ ತೋರಣ ಕಟ್ಟಿದ್ದಳು.

"ನೀ ಕಲಿಸಿದ್ದ ಹೆಣಿಕಿನಽ ಯವ್ವಾ. ಲಕ್ಕಿ ಒಂದು ನಂದು. ಹುಳ ಆಗಬಾರದು ಅಂತ ಸಿಗಿಸೀನಿ," ಅಂದಳು.

"ತೆಗಿ ಅದನ್ನ."

"ಯಾಕ? ಛಂದ ಆಗಿಲ್ಲೇನು?"

"ಛಂದ ಆಗ್ಯದ. ಅದಕ್ಕಽ ತೆಗಿ."

ನಕ್ಕಳು. ಮುದುಕಿಗೆ ಅರಳು ಮರಳು ಅಂದುಕೊಂಡಿರಬೇಕು. ಚಹಾ ಕೊಟ್ಟು, ಪೆನ್ನು ಕಾಗದ ತಂದು ನನ್ನ ಮುಂದೆ ಇಟ್ಟಳು. ತೋರಣ ಹೆಣೆಯುವುದು, ಗೋಡೆಗೆ ಕೆಮ್ಮಣ್ಣು ಬಳಿಯುವುದು, ಖರ್ಚಿಲ್ಲದೆ ಮನೆ ಸಿಂಗರಿಸುವುದು ಇದನ್ನೆಲ್ಲ ಬರೆದು ಕೊಡಬೇಕಂತೆ. ಅವಳ ಶಾಲೆಯ ಹುಡುಗಿಯರಿಗೆ ಓದಿ ಹೇಳುತ್ತಾಳಂತೆ. ನಾನು ಅಕ್ಷರ ಕಲಿತದ್ದು ತಲೆ ನೆರೆತ ಮೇಲೆ, ಸೊಸೆಯರ ಜೊತೆ ಸಂಜೆಯ ಶಾಲೆಯಲ್ಲಿ ಕುಳಿತು. ಬರೆಯುವುದು ನಿಧಾನ. ಆದರೂ ಕುಳಿತೆ. ತೋರಣದ ಮಾತು ಬರೆಯಬೇಕೆಂದರೆ ನಾನು ಕಲ್ಲೂರಿನ ಆ ವರ್ಷವನ್ನು ಬರೆಯಬೇಕಾಗುತ್ತದೆ.

ಆಗ ನಿಜಾಮರ ಆಳ್ವಿಕೆ. ದೂರ ಎಲ್ಲಿಯೋ ದೊಡ್ಡ ಲಡಾಯಿ ನಡೆದಿತ್ತು. ನಮಗೆ ಅದರ ಗುಂಡಿನ ಸದ್ದು ಕೇಳುತ್ತಿರಲಿಲ್ಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬಟ್ಟೆ ಸಿಗುತ್ತಿರಲಿಲ್ಲ, ಕಣದಲ್ಲಿ ರಾಶಿಯಾದ ಜೋಳ ಮನೆಗೆ ಬರುತ್ತಿರಲಿಲ್ಲ. ಲಡಾಯಿ ಅಂದರೆ ನಮಗೆ ಅಷ್ಟೆ. ನಾನು ಮಟಮಾರಿಯ ಹುಡುಗಿ. ಮದುವೆಯಾಗಿ ಮಾನ್ವಿ ತಾಲೂಕಿನ ಕಲ್ಲೂರಿಗೆ ಸಂಸಾರಕ್ಕೆ ಬಂದು ಒಂದು ವರ್ಷ ಆಗಿತ್ತು. ಗಂಡನ ಮನೆಯವರದು ಕುರಿ, ಜೊತೆಗೆ ಒಂದಿಷ್ಟು ಹೊಲ. ಮಾವ ಮತ್ತು ನಮ್ಮವರು ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದಳು. ಹಾಗಾಗಿ ನನಗೆ ಬೈಯುವುದು, ಕಲಿಸುವುದು, ತಲೆಗೆ ಎಣ್ಣೆ ಹಾಕುವುದು ಎಲ್ಲವನ್ನೂ ಮಾಡಿದವಳು ಪಕ್ಕದ ಮನೆಯ ಈರವ್ವ. ಎರಡು ಮನೆಗೆ ಒಂದೇ ಅಂಗಳ. ನಾನು ಅವಳನ್ನು ಅತ್ತೆ ಎಂದೇ ಕರೆಯುತ್ತಿದ್ದೆ.

ಈರವ್ವ ಗಂಡ ಸತ್ತವಳು. ಇದ್ದ ಹೊಲವನ್ನು ತಾನೇ ನಿಂತು ಮಾಡಿಸುತ್ತಿದ್ದಳು. ಬಾಯಿ ದೊಡ್ಡದು, ಕೈ ಇನ್ನೂ ದೊಡ್ಡದು. ನಾನು ಮೊದಲ ಸಲ ಗೋಡೆ ಸಾರಿಸಿದ್ದನ್ನು ನೋಡಿ ಓಣಿಗೆಲ್ಲ ಕೇಳುವ ಹಾಗೆ ಅಂದಳು:

"ನಿಮ್ಮ ಮಟಮಾರ್ಯಾಗ ಗ್ವಾಡಿ ಸಾರಸ್ತಾರೋ, ಎಮ್ಮಿ ಮೈ ತಿಕ್ಕತಾರೋ? ಕೈ ಹಿಂಗ ಆಡಸು. ಮ್ಯಾಲಿಂದ ಕೆಳಗ. ಗ್ವಾಡಿ ಅಂದ್ರ ಮನಶ್ಯಾನ ಬೆನ್ನಿದ್ದಾಂಗ."

ಅವಳು ಕಲಿಸಿದ್ದರಲ್ಲಿ ಕೊಂಡು ತರುವ ವಸ್ತು ಒಂದೂ ಇರಲಿಲ್ಲ. ಕಲ್ಲೂರಿನದು ಕರಿ ನೆಲ. ಕೆಮ್ಮಣ್ಣು ಬೇಕೆಂದರೆ ನಾನು ತವರಿನಿಂದ ಬರುವಾಗ ಚೀಲದಲ್ಲಿ ತರುತ್ತಿದ್ದೆ. ಬಿಳಿಗೆ ಸುಣ್ಣ. ಕಪ್ಪಿಗೆ ಒಲೆಯ ಮಸಿ. ಹಸಿರಿಗೆ ಅವರೆ ಎಲೆ ಅರೆದ ರಸ. ಈಚಲ ಕಡ್ಡಿಯ ತುದಿಯನ್ನು ಹಲ್ಲಿನಲ್ಲಿ ಜಗಿದರೆ ಕುಂಚ. ಗೋಡೆ ಇನ್ನೂ ಹಸಿ ಇರುವಾಗ ಸೌತೆ ಬೀಜವನ್ನು ಒಂದೊಂದೇ ಒತ್ತಿದರೆ ಮಲ್ಲಿಗೆ ಮೊಗ್ಗು ಸಾಲಾಗಿ ನಿಂತಂತೆ ಕಾಣುತ್ತಿತ್ತು. ಜೋಳದ ದಂಟಿನ ಬೆಂಡಿನಲ್ಲಿ ಅವಳು ಗಿಳಿ ಮಾಡುತ್ತಿದ್ದಳು, ಚಕ್ಕಡಿ ಮಾಡುತ್ತಿದ್ದಳು. ಪುಂಡಿ ನಾರಿನ ಹುರಿಗೆ ಜೋಳದ ತೆನೆ ಹೆಣೆದು ಬಾಗಿಲಿಗೆ ಕಟ್ಟುವುದಂತೂ ಅವಳ ಕೈಯಲ್ಲೇ ನೋಡಬೇಕು. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಎಲ್ಲ ಮನೆಯ ಬಾಗಿಲಿಗೂ ತೆನೆ ಕಟ್ಟುತ್ತಾರೆ, ಗುಬ್ಬಿ ತಿನ್ನಲಿ ಎಂದು. ಬೇರೆಯವರದು ಸುಮ್ಮನೆ ಕಟ್ಟಿದ ಸಿವುಡು. ಈರವ್ವನದು ತೋರಣ.

ನಾನು ಬೇಗ ಕಲಿತೆ. ಕಲಿತೆ ಅನ್ನುವುದಕ್ಕಿಂತ ನನಗೆ ಅದರ ಚಟ ಹತ್ತಿತು. ನೀರಿಗೆ ಹೋಗುವ ಹೆಂಗಸರು ನಮ್ಮ ಗೋಡೆಯ ಮುಂದೆ ಕೊಡ ಇಳಿಸಿ ನಿಲ್ಲುತ್ತಿದ್ದರು. "ಹೊಸ ಸೊಸಿದಂತ," ಅನ್ನುತ್ತಿದ್ದರು. ನಾನು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದೆ. ಓದಿಲ್ಲ, ಬಂಗಾರವಿಲ್ಲ, ಬಣ್ಣವೂ ಇಲ್ಲದ ಹುಡುಗಿಗೆ ಆ ಒಂದು ಮಾತು ಎಷ್ಟು ಸಿಹಿ ಎಂಬುದು ಕೇಳಿದವರಿಗೇ ಗೊತ್ತು.

ಆ ವರ್ಷ ಲೆವಿ ಬಿಗಿಯಾಯಿತು. ಲೆವಿ ಅಂದರೆ ಬೆಳೆದ ಕಾಳಿನಲ್ಲಿ ಸರಕಾರಕ್ಕೆ ಇಷ್ಟು ಅಂತ ಅಳೆದು ಕೊಡಬೇಕು. ಅವರು ಕೊಡುವ ದರಕ್ಕೆ ಪೇಟೆಯಲ್ಲಿ ಅದರ ಅರ್ಧ ಕಾಳೂ ಸಿಗುತ್ತಿರಲಿಲ್ಲ. ಮಾನ್ವಿಯಿಂದ ಕಂದಾಯದ ಗಿರ್ದಾವರ ಬಂದು ಹೊಲ ನೋಡುತ್ತಿದ್ದ, ಕಣ ನೋಡುತ್ತಿದ್ದ, ಅನುಮಾನ ಬಂದರೆ ಮನೆಯನ್ನೂ ನೋಡುತ್ತಿದ್ದ. ಊರಿನವರು ತಮಗೆ ತಿಳಿದಂತೆ ಕಾಳು ಬಚ್ಚಿಡುತ್ತಿದ್ದರು.

ಈರವ್ವನಿಗೆ ಆ ವರ್ಷ ಜೋಳ ಬೇಕೇಬೇಕಿತ್ತು. ದೇವದುರ್ಗದ ಆಚೆ ಅರಕೇರಾದಲ್ಲಿ ಕೊಟ್ಟ ಮಗಳು ಯಲ್ಲವ್ವ ಬಸುರಿ. ಚೊಚ್ಚಲು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಮಗಳಿಗೆ, ಹುಟ್ಟುವ ಕೂಸಿಗೆ, ನೋಡಲು ಬರುವ ಬೀಗರಿಗೆ ಮುಂದಿನ ಬೆಳೆ ಬರುವವರೆಗೆ ರೊಟ್ಟಿ ಆಗಬೇಕು. ಅವಳ ಹೊಲದ ಒಂದು ಮೂಲೆಗೆ ಕಾಡಿಗೆ ರೋಗ ಬಿದ್ದಿತ್ತು. ಕಾಡಿಗೆ ಬಿದ್ದ ತೆನೆಯಲ್ಲಿ ಕಾಳಿನ ಬದಲು ಕರಿ ಪುಡಿ. ಈರವ್ವ ಗಿರ್ದಾವರನನ್ನು ನೇರ ಆ ಮೂಲೆಗೆ ಕರೆದುಕೊಂಡು ಹೋಗಿ ನಿಲ್ಲಿಸಿ, ಒಂದು ತೆನೆ ಮುರಿದು ಅವನ ಮುಂದೆ ಝಾಡಿಸಿದಳು. ಅವನ ಬಿಳಿ ಅಂಗಿಯೆಲ್ಲ ಮಸಿ ಆಯಿತು.

"ಹೊಲ ತುಂಬ ಹಿಂಗಽ ಆಗ್ಯದ ನೋಡ್ರೀ ಸಾಹೇಬ್ರ. ನಡೀರಿ, ಆ ಕಡೀದೂ ತೋರಸ್ತೀನಿ," ಅಂದಳಂತೆ.

ಅವನು ಅಂಗಿ ಕೊಡವಿಕೊಂಡು ಹಿಂದಿರುಗಿದ. ಇದನ್ನು ಅವಳು ನನಗೆ ಆಡಿ ತೋರಿಸಿ, ಕೆಮ್ಮು ಬರುವ ತನಕ ನಕ್ಕಿದ್ದಳು.

ಉಳಿದ ಜೋಳ ಹಗೇವಿಗೆ ಇಳಿಯಿತು. ಹಗೇವು ಅಂದರೆ ಕಾಳು ಇಡಲು ನೆಲದಲ್ಲಿ ತೋಡಿದ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ನಮ್ಮ ಅಂಗಳದ ನಡುವೆ ಈರವ್ವನ ಮಾವನ ಕಾಲದ ಹಗೇವು ಒಂದಿತ್ತು. ಒಳಗೆ ಬೆಂಕಿ ಹಾಕಿ ಒಣಗಿಸಿದೆವು, ಸುತ್ತ ಹುಲ್ಲು ಹಾಸಿದೆವು. ಊರವರೆಲ್ಲ ಕಾಳಿನಲ್ಲಿ ಬೇವಿನ ಎಲೆ ಹಾಕುತ್ತಾರೆ. ಈರವ್ವ ಹಳ್ಳದ ದಂಡೆಯ ಲಕ್ಕಿ ಸೊಪ್ಪು ತಂದು ಪದರು ಪದರಾಗಿ ಹಾಕುತ್ತಿದ್ದಳು. ಲಕ್ಕಿಗೆ ನುಸಿ ಸುಳಿಯುವುದಿಲ್ಲ ಎಂದು ಅವಳ ವಾದ. ಮೇಲೆ ದುಂಡನೆಯ ಬಂಡೆ ಮುಚ್ಚಿ, ಮಣ್ಣು ಮೆತ್ತಿ, ಅದರ ಮೇಲೆ ಸಗಣಿ ಕುಳ್ಳಿನ ರಾಶಿ ಒಟ್ಟಿದೆವು. ನೋಡಿದವರಿಗೆ ಅದು ಬಡವರ ಮನೆಯ ಕುಳ್ಳು, ಅಷ್ಟೆ.

ತೆನೆ ಒಕ್ಕಿ ಕಾಳು ಮಾಡುವ ಮೊದಲು ಈರವ್ವ ನನಗೆ ಒಂದು ಹೊರೆ ತೆನೆ ಆರಿಸಿ ಕೊಟ್ಟಿದ್ದಳು. ಮುತ್ತಿನಂಥ ಬಿಳಿ ಕಾಳು, ಮೊಣಕೈಯಷ್ಟು ದಪ್ಪದ ತೆನೆ.

"ಹೆಣಿ. ಆದ್ರ ಈ ವರ್ಷ ಬಾಗಲಿಗೆ ಕಟ್ಟಬ್ಯಾಡ. ಒಳಗ, ದೇವರ ಮಾಡದ ಮ್ಯಾಲ ಕಟ್ಟು," ಅಂದಳು.

"ಒಳಗ ಕಟ್ಟಿದ್ರ ಯಾರು ನೋಡ್ತಾರ ಅತ್ತಿ?"

"ದೇವ್ರು ನೋಡ್ತಾನ. ಸಾಲದೇನು ನಿನಗ?"

ಉಗಾದಿ ಹತ್ತಿರ ಬಂತು. ಮಗಳನ್ನು ಹಬ್ಬದೊಳಗೆ ಕರೆದುಕೊಂಡು ಬರುತ್ತೇನೆಂದು ಈರವ್ವ ಚಕ್ಕಡಿ ಮಾಡಿಕೊಂಡು ಅರಕೇರಾಕ್ಕೆ ಹೊರಟಳು. ಹೋಗುವಾಗ ತನ್ನ ಮನೆಯ ಕೀಲಿ ನನ್ನ ಕೈಗೆ ಕೊಟ್ಟಳು. "ಗ್ವಾಡಿ ಸಾರಸು. ಬಸರಿ ಹೆಣಮಗಳು ಬರಾಕತ್ತಾಳ, ಮನಿ ನಗಬೇಕು," ಅಂದಳು. ಅಂಗಳದ ಮಾತು ಆಡಲಿಲ್ಲ. ಆಡುವ ಅಗತ್ಯ ಅವಳಿಗೆ ಕಂಡಿರಲಿಕ್ಕಿಲ್ಲ.

ಆ ಬಿಸಿಲು ನೆನಪಿದೆ. ಸಾರಿಸಿದ ಗೋಡೆ ಕೈ ತೆಗೆಯುವುದರೊಳಗೆ ಒಣಗುತ್ತಿತ್ತು. ಎರಡೂ ಮನೆಯ ಗೋಡೆಗೆ ಕೆಮ್ಮಣ್ಣು ಬಳಿದೆ. ಬಾಗಿಲ ಎರಡು ಬದಿಗೆ ಸುಣ್ಣದಲ್ಲಿ ನವಿಲು ಬರೆದೆ. ಸೌತೆ ಬೀಜ ಒತ್ತಿದೆ. ಬೆಂಡಿನ ಗಿಳಿಗಳನ್ನು ಮಾಡಿ ಯಲ್ಲವ್ವ ಮಲಗುವ ಮೂಲೆಯಲ್ಲಿ, ಕೂಸಿನ ಕಣ್ಣಿಗೆ ಬೀಳಲಿ ಎಂದು ತೂಗುಹಾಕಿದೆ. ತೋರಣ ಹೆಣೆದೆ. ನನ್ನ ಜನ್ಮದಲ್ಲಿ ಅಂಥದ್ದನ್ನು ಮತ್ತೆ ಹೆಣೆದಿಲ್ಲ. ಒಯ್ದು ಒಳಗಿನ ಕತ್ತಲೆಯಲ್ಲಿ, ದೇವರ ಗೂಡಿನ ಮೇಲೆ ಹಿಡಿದು ನೋಡಿದೆ. ಏನೂ ಕಾಣಲಿಲ್ಲ. ಹೊರಗೆ ತಂದು ಈರವ್ವನ ಬಾಗಿಲಿಗೆ ಕಟ್ಟಿದೆ. ಅವಳು ಬರುವ ಹೊತ್ತಿಗೆ ಬಿಚ್ಚಿದರಾಯಿತು ಅಂದುಕೊಂಡೆ. ಅಷ್ಟರಲ್ಲಿ ನಾಲ್ಕು ಮಂದಿ ನೋಡಲಿ.

ಆಮೇಲೆ ಹಿಂದೆ ಸರಿದು ನಿಂತು ನೋಡಿದರೆ, ಕೆಂಪು ಗೋಡೆ, ಬಿಳಿ ನವಿಲು, ತೋರಣ, ಇವುಗಳ ಮುಂದೆ ಆ ಕುಳ್ಳಿನ ರಾಶಿ. ಮುಖಕ್ಕೆ ಎದ್ದ ಹುಣ್ಣಿನ ಹಾಗೆ ಕಂಡಿತು. ಕುಳ್ಳನ್ನೆಲ್ಲ ಹೊತ್ತು ಹಿತ್ತಲಿಗೆ ಹಾಕಿದೆ. ನೆಲ ಸಾರಿಸಿದೆ. ಸಾರಿಸಿದರೆ ಹಗೇವು ಇದೆಯೆಂದು ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ. ಆದರೆ ಬಂಡೆಯ ಮೇಲಿನ ಮಣ್ಣು ಬೇಗ ಒಣಗಿತು, ಸುತ್ತಲಿನ ನೆಲದ ಮಣ್ಣು ತಡವಾಗಿ ಒಣಗಿತು. ಸಂಜೆಯ ಹೊತ್ತಿಗೆ ಬಂಡೆಯ ಅಂಚು ಹಿಡಿದು ದುಂಡಗೆ ಒಂದು ಬಿರುಕು ಎದ್ದಿತು. ಕೂದಲೆಳೆಯಷ್ಟು. ಮತ್ತೆ ಸಾರಿಸಿದೆ, ಮತ್ತೆ ಎದ್ದಿತು.

ಗೋಡೆಯಲ್ಲಿ ಬಿರುಕು ಬಿಟ್ಟರೆ ನಾವು ಏನು ಮಾಡುತ್ತೇವೆ? ಬಿರುಕಿನ ಮೇಲೆಯೇ ಬಳ್ಳಿ ಬರೆಯುತ್ತೇವೆ. ಬಿರುಕು ಬಳ್ಳಿಯೊಳಗೆ ಮುಚ್ಚಿಹೋಗುತ್ತದೆ. ಈರವ್ವನೇ ಕಲಿಸಿದ ಉಪಾಯ. ನಾನು ಈಚಲ ಕುಂಚವನ್ನು ಸುಣ್ಣಕ್ಕೆ ಅದ್ದಿ, ಆ ದುಂಡನೆಯ ಬಿರುಕಿನ ಮೇಲೆ ಗೆರೆ ಎಳೆದೆ. ಗೆರೆ ದುಂಡಗಾದ ಮೇಲೆ ಒಳಗೆ ಎಸಳು ತುಂಬಿದೆ. ದೊಡ್ಡ ಕಮಲವಾಯಿತು. ಬಿರುಕು ಕಾಣಲಿಲ್ಲ. ನಿಶ್ಚಿಂತೆಯಿಂದ ಮಲಗಿದೆ.

ಗಿರ್ದಾವರ ಮರುದಿನ ಬಂದ. ಬೇರೆ ಯಾರದೋ ಮನೆಗೆ ಹೊರಟಿದ್ದ, ನಮ್ಮ ಬಾಗಿಲ ಮುಂದೆ ಕುದುರೆ ನಿಲ್ಲಿಸಿದ. ಅವನು ಕೆಟ್ಟ ಮನುಷ್ಯನಾಗಿದ್ದರೆ ಬರೆಯುವುದು ನನಗೆ ಹಗುರವಾಗುತ್ತಿತ್ತು. ತೆಳ್ಳನೆಯ, ಮೆತ್ತಗೆ ಮಾತಾಡುವ ಮನುಷ್ಯ. ಕುದುರೆ ಇಳಿದು ತೋರಣದ ಮುಂದೆ ಬಹಳ ಹೊತ್ತು ನಿಂತ.

"ಬಹುತ್ ಖೂಬ್. ಯಾರು ಮಾಡ್ಯಾರವಾ ಇದನ್ನ?"

ನಾನು ಸೆರಗು ಎಳೆದುಕೊಂಡು, "ನಾನಽ ರೀ," ಅಂದೆ.

"ಹೈದರಾಬಾದಿನ್ಯಾಗೂ ಇಂಥಾದ್ದು ನೋಡಿಲ್ಲ ನಾನು. ತೆನಿ ಭಾಳ ಛಲೋ ಆರಸೀದಿ. ಯಾವ ಹೊಲದ್ದು?"

ನಮ್ಮ ಹೊಲದ್ದು ಅನ್ನಬಹುದಿತ್ತು. ಬಾಯಿಗೆ ಬರಲಿಲ್ಲ. ಹೊಗಳಿಕೆ ಕೇಳಿದ ಬಾಯಿ ಸಡಿಲ. "ನಮ್ಮ ಅತ್ತಿ ಹೊಲದ್ದು ರೀ. ಈರವ್ವತ್ತಿದು. ಆಕಿನಽ ಆರಿಸಿ ಕೊಟ್ಟಾಳ," ಅಂದೆ.

ಅವನು ಒಂದು ತೆನೆಯನ್ನು ಬೆರಳಲ್ಲಿ ತಿರುವಿ ನೋಡಿದ. ಜೊತೆಗೆ ಬಂದಿದ್ದ ಜವಾನನ ಕಡೆ ತಿರುಗಿ, "ಕಾಡಿಗಿ ಬಿದ್ದ ಹೊಲದ ತೆನಿ ಹಿಂಗ ಇರತದೇನೋ?" ಅಂದ. ಸಿಟ್ಟಿನಿಂದ ಅನ್ನಲಿಲ್ಲ. ನಂಬಿದವರು ಸುಳ್ಳು ಹೇಳಿದಾಗ ಮುಖ ಹೇಗಾಗುತ್ತದೋ ಹಾಗಾಯಿತು.

ಆಮೇಲೆ ಅಂಗಳದಲ್ಲಿ ಅಡ್ಡಾಡಿದ. ಕಮಲದ ಹತ್ತಿರ ಬಂದಾಗ ಅದನ್ನು ತುಳಿಯದೆ ಸುತ್ತು ಹಾಕಿಕೊಂಡು ಹೋದ. ಹಿಂದೆ ಬಂದ ಜವಾನ ತುಳಿಯಲು ಹೋದ.

"ಅದರ ಮ್ಯಾಲ ಕಾಲಿಡಬ್ಯಾಡ್ರಿ," ಅಂದೆ. ಕೂಗಿದೆ ಅಂತಲೇ ಹೇಳಬೇಕು. ಗಿರ್ದಾವರ ಹಿಂದಿರುಗಿ ನನ್ನ ಮುಖ ನೋಡಿದ. ಬಗ್ಗಿ ಆ ದುಂಡನೆಯ ಗೆರೆ ನೋಡಿದ. ಜವಾನನ ಕೈಯ ಕೋಲು ತೆಗೆದುಕೊಂಡು ಹೂವಿನ ಆಚೆ ನೆಲಕ್ಕೆ ಒಮ್ಮೆ ಕುಟ್ಟಿದ, ಹೂವಿನ ನಡುವೆ ಒಮ್ಮೆ ಕುಟ್ಟಿದ. ಎರಡು ಸದ್ದೂ ಬೇರೆ ಇದ್ದವು.

"ಹುಕುಂ ಅದ ತಾಯಿ. ನಾ ಏನು ಮಾಡ್ಲಿ," ಅಂದ.

ಬಚ್ಚಿಟ್ಟ ಕಾಳಿಗೆ ದರವೂ ಇಲ್ಲ. ಊರಿನವರನ್ನೇ ಕರೆದು ಬಂಡೆ ತೆಗೆಸಿದರು. ಚೀಲ ತುಂಬಿ ಚಕ್ಕಡಿಗೆ ಹೇರಿದರು. ಅಂಗಳವೆಲ್ಲ ಲಕ್ಕಿ ಸೊಪ್ಪಿನ ವಾಸನೆ. ನಾನು ನವಿಲು ಬರೆದ ಗೋಡೆಗೆ ಒರಗಿ ನಿಂತಿದ್ದೆ. ಸೀರೆಗೆ ಕೆಮ್ಮಣ್ಣು ಹತ್ತಿತು.

ಈರವ್ವ ಹಬ್ಬದ ಹಿಂದಿನ ಸಂಜೆ ಬಂದಳು. ಯಲ್ಲವ್ವ ಚಕ್ಕಡಿಯಿಂದ ಇಳಿಯಲಾರದೆ ಇಳಿದಳು, ತುಂಬಿದ ಬಸುರಿ. ತಾಯಿ ಅವಳ ಕೈ ಹಿಡಿದು ಅಂಗಳಕ್ಕೆ ಬಂದವಳು ಬಾಯಿ ತೆರೆದ ಹಗೇವಿನ ಮುಂದೆ ನಿಂತಳು. ನನ್ನನ್ನು ಬೈದು ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಹೊಡೆಯಲಿ ಅಂದುಕೊಂಡಿದ್ದೆ.

"ಕುಳ್ಳು ಯಾರು ತೆಗದ್ರು?"

"ನಾನು."

"ಯಾಕ?"

"ಛಂದ ಕಾಣಲಿಲ್ಲ ಅತ್ತಿ."

ಈರವ್ವ ಹಗೇವಿನ ಅಂಚಿನಲ್ಲಿ ಕುಳಿತಳು. ಮಗಳ ಕಡೆ ನೋಡಿ, "ಛಂದ ಕಾಣಲಿಲ್ಲಂತ," ಅಂದಳು. ಒಮ್ಮೆ ನಕ್ಕಳು. ಗಿರ್ದಾವರನ ಅಂಗಿ ಮಸಿಯಾದ ಕಥೆ ಹೇಳುವಾಗ ನಕ್ಕ ಹಾಗೆಯೇ ನಕ್ಕಳು. ಎದ್ದು ಒಳಗೆ ಹೋಗಿ ಮಗಳಿಗೆ ಹಾಸಿ ಕೊಟ್ಟಳು. ಬೆಂಡಿನ ಗಿಳಿಗಳನ್ನು ನೋಡಿ, "ಛಲೋ ಮಾಡೀದಿ," ಎಂದು ಒಳಗಿನಿಂದಲೇ ಕೂಗಿ ಹೇಳಿದಳು.

ಇಷ್ಟಕ್ಕೇ ಮುಗಿದಿದ್ದರೆ ಹುಡುಗಿಯೊಬ್ಬಳ ದಡ್ಡತನ ಎಂದು ಬಿಡಬಹುದಿತ್ತು. ಹಬ್ಬವಾದ ಮೇಲೆ ತಳವಾರ ಬಂದ. ಮಾನ್ವಿಯ ಮುಸಾಫರಿ ಬಂಗಲೆಗೆ ರಾಯಚೂರಿನಿಂದ ದೊಡ್ಡ ಸಾಹೇಬರು ಬರುತ್ತಾರೆ. ಕಲ್ಲೂರಿನ ಆ ತೋರಣದ ಹುಡುಗಿಯನ್ನು ಕಳಿಸಿ, ಬಂಗಲೆ ಸಿಂಗರಿಸಬೇಕು ಎಂದು ಗಿರ್ದಾವರ ಹೇಳಿ ಕಳಿಸಿದ್ದ. ನಮ್ಮವರು ಹಬ್ಬಕ್ಕೆ ಊರಿಗೆ ಬಂದಿದ್ದರು. "ಜ್ವರ ಬಂದಾವ ಅಂತ ಹೇಳಿ ಕಳಸ್ತೀನಿ. ಹೋಗಬ್ಯಾಡ," ಅಂದರು.

ಈರವ್ವ ತನ್ನ ಬಾಗಿಲಲ್ಲಿ ಕುಳಿತು ಹಿಟ್ಟಿನ ಮಡಕೆಯ ತಳ ಕೆರೆಯುತ್ತಿದ್ದಳು. ಅಲ್ಲಿಂದಲೇ ಅಂದಳು: "ಹೋಗಲಿ ಬಿಡೋ. ಹೋದಾಕಿ ಛಲೋತ್ನಾಗಿ ಮಾಡು ಮತ್ತ. ಕಲ್ಲೂರ ಹೆಣಮಕ್ಕಳಿಗೆ ಕೈಯಿಲ್ಲ ಅನ್ನಬಾರದು."

ಅವಳು ಹೋಗು ಅಂದದ್ದಕ್ಕೆ ಹೋದೆ ಎಂದು ಬರೆಯಬಹುದು. ಅವಳು ಅನ್ನುವ ಮೊದಲೇ ನಾನು ಈಚಲ ಕುಂಚಗಳನ್ನು ಅರಿವೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದೆ.

ಮಾನ್ವಿಯಲ್ಲಿ ಬಂಗಲೆಯ ಪಡಸಾಲೆಗೆ ನನ್ನ ತೋಳತೆಕ್ಕೆಗೆ ಸಿಗದಷ್ಟು ದಪ್ಪದ ಕಂಬಗಳು, ಬೆಳ್ಳಗಿನ ಗೋಡೆ. ಕೇಳಿದಷ್ಟು ತೆನೆ ತಂದು ಹಾಕಿದರು, ಸಜ್ಜೆಯದು, ಜೋಳದ್ದು. ಬೇವು, ಮಾವು ತಂದು ಹಾಕಿದರು. ಸೋರೆ ಬುರುಡೆ ಕೇಳಿದೆ, ಅದನ್ನೂ ತಂದರು. ಕಂಬಕ್ಕೆ ತೆನೆಯ ಜಡೆ ಸುತ್ತಿದೆ. ಬುರುಡೆಗೆ ಕೆಮ್ಮಣ್ಣಿನ ಗೆರೆ ಬರೆದು, ಒಳಗೆ ಹೂವಿಟ್ಟು ಇಳಿಬಿಟ್ಟೆ. ಮೆಟ್ಟಿಲ ಮುಂದೆ ಕಮಲ ಬರೆದೆ. ಅದೇ ಕಮಲ. ದೊಡ್ಡ ಸಾಹೇಬರು ಕಾರಿನಿಂದ ಇಳಿದವರು ಅದನ್ನು ತುಳಿಯದೆ ಬದಿಗೆ ಸರಿದು ಹತ್ತಿದರು. ತೋರಣದ ಕೆಳಗೆ ನಿಂತು ತಲೆಯೆತ್ತಿ ನೋಡಿ ವಾಹ್ ಅಂದರು. ನಾನು ಕಂಬದ ಹಿಂದೆ ಇದ್ದೆ. ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಇದನ್ನು ಸರಿಯಾಗಿ ಬರೆಯಬೇಕು: ಆ ಹೊತ್ತು ನನಗೆ ಈರವ್ವನ ನೆನಪು ಬರಲಿಲ್ಲ. ಹಸಿದ ಬಸುರಿಯ ನೆನಪು ಬರಲಿಲ್ಲ. ನಾನು ಮತ್ತು ನನ್ನ ಕೈ, ಇವೆರಡೇ ಇದ್ದವು.

ಹೊರಡುವಾಗ ಕೂಲಿಯೆಂದು ಲೆವಿಯ ಗೋದಾಮಿನಿಂದ ಜೋಳ ತೆಗೆಸಿ ಒಂದು ಸಣ್ಣ ಚೀಲ ತುಂಬಿ ಕೊಟ್ಟರು. ಚಕ್ಕಡಿಯಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಊರ ಅರ್ಧ ದಾರಿಗೆ ಬಂದಾಗ ಬಿಸಿಲಿಗೆ ಚೀಲ ಕಾಯಿತು. ವಾಸನೆ ಮೇಲೆದ್ದಿತು. ಲಕ್ಕಿ.

ನನ್ನನ್ನು ಕರೆದೊಯ್ಯಲು ಬಂದಿದ್ದ ನಮ್ಮವರು ಎತ್ತು ಹೊಡೆಯುತ್ತಿದ್ದರು. ಅವರಿಗೂ ಬಂದಿರಬೇಕು. ಹಿಂದಿರುಗಿ ನೋಡಲಿಲ್ಲ.

ಚೀಲವನ್ನು ಈರವ್ವನ ಬೀಸುವ ಕಲ್ಲಿನ ಹತ್ತಿರ ಇಟ್ಟು, "ಮಾನ್ವ್ಯಾಗ ಕೊಟ್ರು," ಅಂದೆ. ಅವಳು ಒಂದು ಬೊಗಸೆ ತೆಗೆದಳು. ಮುಖದ ಹತ್ತಿರ ಒಯ್ದಳು, ಇಳಿಸಿದಳು. ಬೀಸಲು ಕುಳಿತಳು. ಆ ದಿನ ನಮ್ಮವರು ಕುರಿಯ ಕಡೆ ಹೋದರು. ನನ್ನನ್ನು ಈರವ್ವ ಊಟಕ್ಕೆ ಕರೆದಳು. ಹೋಗದೆ ಇರಲು ಒಂದು ನೆಪ ಹುಡುಕಿದೆ, ಸಿಗಲಿಲ್ಲ.

ಯಲ್ಲವ್ವ ರೊಟ್ಟಿಯ ಮೊದಲ ತುತ್ತು ಬಾಯಿಗೆ ಇಟ್ಟವಳು ತಡೆದಳು. ಬಸುರಿಯ ಮೂಗು.

"ಯವ್ವಾ, ಇದು ನಮ್ಮ ಜ್ವಾಳ."

"ಜ್ವಾಳಕ್ಕ ಹೆಸರು ಬರದಿರತದೇನಽ? ಸುಮ್ಮನ ಉಣ್ಣು," ಅಂದಳು ಈರವ್ವ, ಕೈಯಲ್ಲಿ ರೊಟ್ಟಿ ತಟ್ಟುತ್ತ.

ಯಲ್ಲವ್ವ ನನ್ನ ಮುಖ ನೋಡಿದಳು. ನಾನು ಪುಂಡಿಪಲ್ಲೆಯ ಕಡೆ ನೋಡಿದೆ. ಈರವ್ವ ಬಿಸಿ ರೊಟ್ಟಿಯನ್ನು ಹೆಂಚಿನಿಂದ ತೆಗೆದು ನನ್ನ ಮುಂದೆ ಹಾಕಿದಳು.

"ನೀನೂ ಉಣ್ಣು ಹನುಮಿ. ದುಡದು ತಂದೀದಿ."

ಉಂಡೆ. ಹಸಿದಿದ್ದೆ. ರುಚಿಯಾಗಿತ್ತು.

ಆ ಚೀಲ ಎಷ್ಟು ದಿನ ಬಂದೀತು. ನಮ್ಮ ಮನೆಯ ಕಾಳನ್ನೂ ಮೊದಲೇ ಅಳೆದು ಒಯ್ದಿದ್ದರು. ಇದ್ದುದರಲ್ಲಿ ಕೊಟ್ಟೆ, ಅದೂ ಮುಗಿಯಿತು. ಅರಕೇರಾದಿಂದ ಯಲ್ಲವ್ವನ ಮೈದುನ ಚಕ್ಕಡಿ ತಂದ. ಹೆರಿಗೆಗೆ ತವರಿಗೆ ಬಂದ ಮಗಳು ಹೆರಿಗೆಗೆ ಮೊದಲೇ ಗಂಡನ ಮನೆಗೆ ತಿರುಗಿ ಹೋದಳು. ಹೋಗುವಾಗ ಗಿಳಿಗಳನ್ನು ಬಿಚ್ಚಿಕೊಂಡು ಹೋಗು ಎಂದು ಈರವ್ವ ಹೇಳಿದಳು. ಯಲ್ಲವ್ವ ಮುಟ್ಟಲಿಲ್ಲ. ಅಲ್ಲಿ ಹೆಣ್ಣು ಕೂಸು ಹುಟ್ಟಿತು. ತಾಯಿ, ಕೂಸು ಇಬ್ಬರೂ ಚೆನ್ನಾಗಿದ್ದರು. ಆದರೆ ಚೊಚ್ಚಲ ಬಾಣಂತನಕ್ಕೆ ರೊಟ್ಟಿ ಹಾಕಲಾರದ ತವರು ಎಂಬ ಮಾತನ್ನು ಅವಳ ಅತ್ತೆ ಸಾಯುವವರೆಗೂ ಅಂದಳಂತೆ. ಈರವ್ವ ರಾಯಚೂರಿನ ಹತ್ತಿ ಗಿರಣಿಗೆ ಕೂಲಿಗೆ ಹೋದಳು. ಬಿತ್ತಲು ಬಂದಳು, ಮತ್ತೆ ಹೋದಳು. ಬರುವಾಗ ತಲೆಯಲ್ಲಿ ಹತ್ತಿಯ ಎಳೆ, ಎದೆಯಲ್ಲಿ ಕೆಮ್ಮು.

ಮುಂದಿನ ಉಗಾದಿಗೆ ನಾನು ಸುಣ್ಣ ಕಲಸಲಿಲ್ಲ. ಬಾಗಿಲಿಗೆ ಶಾಸ್ತ್ರಕ್ಕೆಂದು ಜೊಳ್ಳು ತೆನೆ ಹೆಣೆದು ಕಟ್ಟಿದ್ದೆ, ಒಂದು ಕಾಳೂ ಇಲ್ಲದ್ದು. ಹಬ್ಬಕ್ಕೆ ಬಂದ ಈರವ್ವ ಅದನ್ನು ನೋಡಿದಳು.

"ಏನಽ ಇದು? ಗುಬ್ಬಿ ಏನು ಮಾಡ್ಯಾವ ನಿನಗ?"

"ಇರಲಿ ಬಿಡತ್ತಿ."

"ಗ್ವಾಡಿ ನೋಡಿದ್ರ ಸೂತಕದ ಮನಿ ಆಗ್ಯದ. ಸುಣ್ಣ ತಾ."

"ಬ್ಯಾಡತ್ತಿ."

ಬಂಡೆ ಮುಚ್ಚಿದ ಹಗೇವಿನ ಮೇಲೆ ನಾನು ತಿರುಗಿ ಒಟ್ಟಿದ್ದ ಕುಳ್ಳನ್ನು ಅವಳು ತಾನೇ ಎತ್ತಿ ಬದಿಗೆ ಒಗೆದಳು. ಕೆಮ್ಮುತ್ತ ನೆಲ ಸಾರಿಸಿದಳು. ಸುಣ್ಣದ ಬಟ್ಟಲು ತಂದು ನನ್ನ ಕೈಗೆ ಕುಂಚ ಕೊಟ್ಟಳು.

"ಬರಿ. ಈಗ ಒಳಗ ಏನೂ ಇಲ್ಲ. ಎಷ್ಟು ದೊಡ್ಡದು ಬೇಕು ಅಷ್ಟು ದೊಡ್ಡದು ಬರಿ."

ಬರೆದೆ. ಅವಳು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬಟ್ಟಲು ಹಿಡಿದಿದ್ದಳು. "ಈ ಎಸಳು ಸೊಟ್ಟ ಆತು," ಅಂದಳು. ಅಳಿಸಿ ತಿದ್ದಿದೆ. ಅವಳು ಇರುವವರೆಗೆ ಪ್ರತಿ ಉಗಾದಿಗೂ ಆ ಖಾಲಿ ಹಗೇವಿನ ಮೇಲೆ ನನ್ನಿಂದ ಕಮಲ ಬರೆಸಿದಳು.

ಅವಳು ಸತ್ತು ಎಷ್ಟೋ ವರ್ಷದ ಮೇಲೆ ದೇವದುರ್ಗದ ಸಂತೆಯಲ್ಲಿ ಯಲ್ಲವ್ವ ಸಿಕ್ಕಳು. ಮೆಣಸಿನಕಾಯಿ ಕೊಳ್ಳುತ್ತಿದ್ದಳು. ಜೊತೆಗೆ ಬೆಳೆದ ಮಗಳು, ಆಗ ಹೊಟ್ಟೆಯಲ್ಲಿದ್ದವಳು.

"ಇಕಿನಽ ನೋಡು, ತೋರಣದಾಕಿ," ಎಂದು ಯಲ್ಲವ್ವ ಮಗಳಿಗೆ ತೋರಿಸಿದಳು.

ಹುಡುಗಿ ನಕ್ಕು, "ನಮ್ಮವ್ವ ಹೇಳತಿರತಾಳ ರೀ. ಭಾಳ ಛಂದ ಮಾಡ್ತಿದ್ರಂತಲ್ಲ," ಅಂದಳು.

ತಾಯಿ ಮಗಳಿಗೆ ಎಷ್ಟು ಹೇಳಿದ್ದಾಳೆ, ಎಷ್ಟು ಬಿಟ್ಟಿದ್ದಾಳೆ ಎಂದು ಅವಳ ಮುಖದಲ್ಲಿ ಹುಡುಕಿದೆ. ಯಲ್ಲವ್ವ ಆಗಲೇ ಮೆಣಸಿನಕಾಯಿಯವನ ಕಡೆ ತಿರುಗಿ ತೂಕದ ಜಗಳ ಶುರು ಮಾಡಿದ್ದಳು.

ಇದನ್ನೆಲ್ಲ ರೇಣುಕಾಳಿಗೆ ಹೇಳಿದ ಮೇಲೆ ಅವಳು ಸ್ಟೂಲು ಹತ್ತಿ ತೋರಣ ಇಳಿಸಿದಳು. ಗೋಡೆಯ ಮೇಲೆ ಮೊಳೆ ಉಳಿಯಿತು. "ಇದನ್ನೇನು ಮಾಡ್ಲಿ ಯವ್ವಾ?" ಎಂದು ಕೇಳಿದಳು. ಹೊರಗಿನ ಗ್ಯಾಲರಿಯ ಕಬ್ಬಿಣದ ಸರಳಿಗೆ ಕಟ್ಟು ಅಂದೆ. ಗುಬ್ಬಿ ಬರಲಿಲ್ಲ. ಪಾರಿವಾಳ ಬಂದು ತಿಂದವು. ಯಾವುದಾದರೇನು.

ಅವಳ ಶಾಲೆಯ ಹುಡುಗಿಯರಿಗೆ ಬರೆದುಕೊಡಬೇಕಾದದ್ದು ಉಳಿದಿದೆ. ತೆನೆಯನ್ನು ಎರಡು ಗೇಣು ದಂಟಿನ ಸಮೇತ ಕೊಯ್ಯಿರಿ. ಹೆಣೆಯುವ ಹಿಂದಿನ ಸಂಜೆ ದಂಟಿಗೆ ನೀರು ಚಿಮುಕಿಸಿ ಒದ್ದೆ ಗೋಣಿಯಲ್ಲಿ ಸುತ್ತಿಡಿ, ಇಲ್ಲದಿದ್ದರೆ ಮುರಿಯುತ್ತದೆ. ಹುರಿಗೆ ಪುಂಡಿ ನಾರು ಒಳ್ಳೆಯದು. ತಲೆಗೂದಲು ಹೆಣೆದಂತೆ ಮೂರು ಕಾಲು ಮಾಡಿ, ಪ್ರತಿ ಸುತ್ತಿಗೆ ಹೊಸ ತೆನೆ ಸೇರಿಸುತ್ತ ಹೋಗಿ, ಬಿಗಿಯಾಗಿ ಎಳೆಯಿರಿ. ದುಡ್ಡೇನೂ ಖರ್ಚಾಗುವುದಿಲ್ಲ. ಆದರೆ ತೆನೆ ಯಾರ ಹೊಲದ್ದೋ ಅವರನ್ನು ಒಂದು ಮಾತು ಕೇಳಿ, ಒಳಗೆ ಕಟ್ಟಲೋ ಹೊರಗೆ ಕಟ್ಟಲೋ ಎಂದು. ಅವರು ಒಳಗೆ ಅಂದರೆ ಒಳಗೆ ಕಟ್ಟಿ.